ನನಗೆ ಬಾರದ ಘಾಟು

ಮೆಡಿಕಲ್ ಓದುವಾಗ ಕಲಿಯಲೆಂದು ನಮಗೆ ಕೊಟ್ಟ ಟ್ಯಾಬಿನೊಳಗೆ ಸುಳ್ಳು ರೋಗಿಗಳಿದ್ದರು. ಕೇಳಿದ್ದಕ್ಕೆಲ್ಲ ಉತ್ತರ ಕೊಡುತ್ತಿದ್ದರು. ಕಣ್ಣು ಮುಟ್ಟಿದರೆ ಕಣ್ಣೇ ದೊಡ್ಡದಾಗಿ ಕಾಣುತ್ತಿತ್ತು. ಕೀಟನಾಶಕದ ವಿಷ ಏರಿದವನನ್ನು ಎರಡೇ ನಿಮಿಷದಲ್ಲಿ ಪತ್ತೆ ಹಚ್ಚಿ, ಪೂರ್ತಿ ಅಂಕ ಬಂದದ್ದನ್ನು ಹಾಸ್ಟೆಲ್ಲಿನಲ್ಲೆಲ್ಲ ತೋರಿಸಿಕೊಂಡು ಬಂದಿದ್ದೆ.

ಅದೇ ವಾರ ಯಾದಗಿರಿಯ ವಾರ್ಡಿನಲ್ಲಿ, ಡಾಕ್ಟರು ಬರುವ ಮುಂಚೆ ರೋಗಿಯನ್ನು ವಿಚಾರಿಸಿಡುವ ಪಾಳಿ ನನ್ನದಾಯಿತು. ರಾಮಸಮುದ್ರದ ರೈತ. ವಾಂತಿ, ಭೇದಿ, ಮೈಯೆಲ್ಲ ಬೆವರು. ಟ್ಯಾಬಿನ ಕ್ರಮ ತಪ್ಪದಂತೆ ಒಂದೊಂದೇ ಕೇಳಿದೆ. ಉತ್ತರ ಕೊಟ್ಟವಳು ಹೆಂಡತಿ.

“ಏನರ ಕುಡದಾರೇನ್ರಿ?”

“ಇಲ್ರೀ ಅಕ್ಕಾರ. ಮುಂಜಾನಿ ಗದ್ದಿಗಿ ಹೋಗಿದ್ರು, ಬಂದವ್ರೇ ಕಾರಾಕತ್ತ್ಯಾರ.”

“ಕುಡಿಯೋ ನೀರು ಎಲ್ಲೀವು?”

“ಕಾಲುವಿವ್ರಿ.”

ನನಗಷ್ಟೇ ಸಾಕಾಯಿತು. ಕೆಟ್ಟ ನೀರಿನ ವಾಂತಿಭೇದಿ ಎಂದು ಬರೆದೇಬಿಟ್ಟೆ.

ಮೈಸೂರು ಕಡೆಯ ಗೆಳತಿ ಹತ್ತಿರ ಬಂದವಳೇ ಮೂಗು ಮುಚ್ಚಿಕೊಂಡಳು. “ಏನೇ ಇದು, ಇಷ್ಟು ಘಾಟು! ನಿನಗೆ ಬರ್ತಿಲ್ವಾ?”

ಬರುತ್ತಿರಲಿಲ್ಲ. ಶಹಾಪುರದ ಹತ್ತಿರದ ನಮ್ಮೂರಿಗೆ ಕಾಲುವೆ ಬಂದು, ಜೋಳದ ಹೊಲಗಳು ಭತ್ತದ ಗದ್ದೆಗಳಾದಾಗಿನಿಂದ ಆ ಘಾಟು ನಮ್ಮ ಮನೆಯದೇ. ಅಪ್ಪನ ಅಂಗಿಯಲ್ಲಿ ಅದು, ಔಷಧಿ ಹೊಡೆಯುವ ಪಂಪು ಇಟ್ಟ ಪಡಸಾಲೆಯಲ್ಲಿ ಅದು. ಅದರಲ್ಲೇ ಉಂಡು, ಓದಿ ಬೆಳೆದವಳು ನಾನು. ರೋಗಿಯ ರೆಪ್ಪೆ ಎತ್ತಿ ನೋಡಿದೆ. ಟ್ಯಾಬಿನಲ್ಲಿ ವಿಷ ಏರಿದವನ ಕಣ್ಣಿನಂತೆಯೇ, ಕಣ್ಣಪಾಪೆ ಸೂಜಿಮೊನೆಯಷ್ಟಾಗಿತ್ತು.

ಡಾಕ್ಟರನ್ನು ಕೂಗುತ್ತ ಓಡಿದೆ. ಔಷಧಿಯಲ್ಲಿ ನೆನೆದ ಅಂಗಿ ಕತ್ತರಿಸಿ ತೆಗೆದು, ಮೈ ತೊಳೆದು, ಇಂಜೆಕ್ಷನ್ನಿನ ಮೇಲೆ ಇಂಜೆಕ್ಷನ್ ಕೊಟ್ಟರು. ಅಷ್ಟು ಹೊತ್ತೂ ನಾನು ಬರೆದ ಹಾಳೆ ನನ್ನ ಕೈಯಲ್ಲೇ ಒದ್ದೆಯಾಗುತ್ತಿತ್ತು. ಈ ಮನುಷ್ಯ ಸತ್ತರೆ ನನ್ನಿಂದಲೇ ಎಂಬ ಭಯ ಬಿಟ್ಟರೆ ಬೇರೇನೂ ತಲೆಯಲ್ಲಿರಲಿಲ್ಲ. ಸಾಯಂಕಾಲ ಅವರು ಕಣ್ಣು ಬಿಟ್ಟು ನೀರು ಕೇಳಿದಾಗ ವರಾಂಡಕ್ಕೆ ಬಂದು ಅತ್ತುಬಿಟ್ಟೆ.

ಅಳು ನಿಲ್ಲುವ ಮೊದಲೇ ನೆನಪಾಯಿತು: ಇವತ್ತು ಅಪ್ಪನೂ ಗದ್ದೆಗೆ ಔಷಧಿ ಹೊಡೆಯುವವನಿದ್ದ. ಫೋನು ಹಚ್ಚಿದೆ.

“ಬೆವರು ಬರಾಕತ್ತಾವೇನಪ್ಪಾ? ಬಾಯಾಗ ನೀರು? ಕಣ್ಣು ಮಂಜು?”

“ಏನೂ ಇಲ್ಲವ್ವ. ಆರಾಮ ಚಾ ಕುಡ್ಯಾಕತ್ತೀನಿ.”

“ಅಂಗಿ ಬದಲ ಮಾಡಿಯೇನು? ಮೊದಲ ಅದನ್ನ ತಗಿ. ಔಷಧಿ ಘಾಟು ಹೊಡಿತಿರ್ತದ.”

ಅಪ್ಪ ಅಂಗಿ ಮೂಸಿದ್ದು ಫೋನಿನಲ್ಲೇ ಕೇಳಿಸಿತು.

“ಎಲ್ಲೀ ಘಾಟವ್ವ? ನನಗೇನೂ ಬರವಲ್ದು.”