ಮೇಸ್ತ್ರಿ ಕೂಗದೆ ನಿಂತ ಹೊತ್ತು

ನಮ್ಮ ಪ್ರಾರ್ಥನಾ ಕೂಟದಲ್ಲಿ ಯಾವಾಗಲೂ ಕೊನೆಯ ಬೆಂಚಿನಲ್ಲಿ, ಬಾಗಿಲಿಗೆ ಹತ್ತಿರವಾಗಿ ಕೂರುವ ಒಬ್ಬಾತನಿದ್ದಾನೆ. ಎತ್ತರದ ಕಟ್ಟಡಗಳ ಲಿಫ್ಟ್ ರಿಪೇರಿ ಆತನ ಕಸುಬು. ಎಲ್ಲರ ಬಾಯಲ್ಲೂ ಲಿಫ್ಟ್ ಮೇಸ್ತ್ರಿ. ಮೊದಲೆಲ್ಲ ಮುಂದಿನ ಬೆಂಚಿನಲ್ಲೇ ಎದೆ ಸೆಟೆಸಿ ಕೂರುತ್ತಿದ್ದ. ಹಿಂದಕ್ಕೆ ಸರಿದ ಕಾರಣವನ್ನು ಆತನೇ ತಲೆ ತಗ್ಗಿಸಿಕೊಂಡು ನನಗೆ ಹೇಳಿದ, ನಿಮಗೂ ಹೇಳಿ ಎಂದ.

ಕೆಲಸದಲ್ಲಿ ಮೇಸ್ತ್ರಿ ಗಟ್ಟಿಗ. ನಾಲಿಗೆ ಮಾತ್ರ ಸ್ವಲ್ಪ ಉದ್ದ. ಒಂದು ಕಟ್ಟಡದ ವಾಚ್‌ಮನ್, ಆತನಿಗಿಂತ ವಯಸ್ಸಿನಲ್ಲಿ ಹಿರಿಯ, ಹಿಂದೊಮ್ಮೆ ಲಿಫ್ಟಿನಲ್ಲಿ ಸಿಕ್ಕಿಕೊಂಡು "ಅಯ್ಯಯ್ಯೋ, ಸತ್ತೆ!" ಎಂದು ಇಡೀ ಕಟ್ಟಡ ಕೇಳುವಂತೆ ಕೂಗಿದ್ದ. ಆತನನ್ನು ಹೊರಗೆ ತಂದವನು ಮೇಸ್ತ್ರಿಯೇ. ಆ ಕೂಗನ್ನು ಟೀ ಅಂಗಡಿ ಟೀ ಅಂಗಡಿಗೂ ಹೊತ್ತುಕೊಂಡು ಹೋಗಿ ಅಣಕಿಸಿದವನೂ ಮೇಸ್ತ್ರಿಯೇ. "ಅಲಾರಂ ಒತ್ತಿ ತೆಪ್ಪಗೆ ನಿಂತ್ಕೋಬೇಕಪ್ಪ. ಹಾಗಾ ಬಾಯಿ ಬಡ್ಕೊಳ್ಳೋದು?" ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ವಾಚ್‌ಮನ್ ಬಹಳ ಕಾಲ ಆ ಅಂಗಡಿಗಳತ್ತ ಸುಳಿಯಲಿಲ್ಲ.

ಅದೇ ಕಟ್ಟಡದ ಮೇಲಂತಸ್ತಿನಲ್ಲಿ ಒಬ್ಬ ವೈದ್ಯರಿದ್ದಾರೆ. ಮೇಸ್ತ್ರಿಯ ಅತ್ತೆಗೆ ಉಬ್ಬಸ. ಒಂದು ಮಧ್ಯಾಹ್ನ ಆತ ಅಲ್ಲಿನ ಲಿಫ್ಟಿನ ಕೆಲಸ ಮುಗಿಸುವ ಹೊತ್ತಿಗೆ ಸರಿಯಾಗಿ ಹೆಂಡತಿ ತನ್ನ ತಾಯಿಯನ್ನು ಕರೆತಂದಳು. ಟೋಕನ್ ಪಡೆಯಲೆಂದು ಅವಳು ಚೀಲ ಹಿಡಿದು ಮೆಟ್ಟಿಲೇರಿದಳು. "ನಿಮ್ಮ ಲಿಫ್ಟು ನಿಮಗೇ ಇರ್ಲಿ, ನನಗೆ ಕಾಲಿದೆ!" ಎಂದು ಹೋಗುತ್ತಾ ಚುಡಾಯಿಸಿದಳು.

"ಬನ್ನಿ ಅತ್ತೆ, ಹೂವೆತ್ತಿದ ಹಾಗೆ ಎತ್ಕೊಂಡು ಹೋಗುತ್ತೆ," ಎಂದ ಮೇಸ್ತ್ರಿ.

ಅರ್ಧ ದಾರಿಯಲ್ಲಿ ಲಿಫ್ಟು ಕುಲುಕಿ ನಿಂತಿತು.

ಬೆರಳು ಅಲಾರಂ ಗುಂಡಿಗೆ ಹೋಯಿತು. ಸದ್ದಿಲ್ಲ. ರಿಪೇರಿಯ ನಡುವೆ ಅಲಾರಂ ಹೊಡೆದುಕೊಂಡು ಕಟ್ಟಡದವರಿಗೆ ಕಿರಿಕಿರಿಯಾಗದಿರಲೆಂದು ಈ ಕಸುಬಿನವರು ಕಟ್ಟಡದ ತುದಿಯ ಮಷಿನ್ ರೂಮಿನಲ್ಲಿ ಅದರ ತಂತಿಯನ್ನು ಬಿಚ್ಚಿಡುತ್ತಾರೆ; ಕೆಲಸ ಮುಗಿದ ಮೇಲೆ ಮತ್ತೆ ಸೇರಿಸುತ್ತಾರೆ. ಆತ ಸೇರಿಸಿರಲಿಲ್ಲ. ಮೊಬೈಲು ಕೆಳಗೆ ವಾಚ್‌ಮನ್‌ನ ಮೇಜಿನ ಮೇಲೆ ಚಾರ್ಜಿಗಿತ್ತು.

"ಏನಾಯ್ತು ಅಳಿಯಂದ್ರೇ?"

"ಏನಿಲ್ಲ ಅತ್ತೆ. ಈಗ ಹೊರಡುತ್ತೆ."

ಹೊರಡಲಿಲ್ಲ. ಕೂಗಿದರೆ ಕೇಳಿಸಿಕೊಂಡು ಬರುವವನು ಒಬ್ಬನೇ, ಆ ವಾಚ್‌ಮನ್. ಅದನ್ನು ನೆನೆದೇ ಮೇಸ್ತ್ರಿ ಕೂಗುವುದನ್ನು ಬಿಟ್ಟು ಬಾಗಿಲಿಗೆ ಕೈ ಹಾಕಿದ. ಬಾಗಿಲುಗಳ ಕೊಂಡಿ ಬಿಡಿಸಿ ಸರಿಸಿ ನೋಡಿದ. ಎದುರಿಗೆ ಬರೀ ಗೋಡೆ; ತಲೆಯ ಮಟ್ಟದಲ್ಲಿ ಮೇಲಿನ ಅಂತಸ್ತಿನ ನೆಲ, ಅಲ್ಲಿ ಒಬ್ಬ ಮನುಷ್ಯ ಕಷ್ಟಪಟ್ಟು ತೂರಬಹುದಾದ ಸಂದಿ. ತೂರಲೆಂದು ಆತ ಅಂಗಿಯ ತೋಳು ಮಡಿಚಿದ.

"ನಿಲ್ಲಿ ನಿಲ್ಲಿ," ಎಂದರು ಅತ್ತೆ. "ಊಟಕ್ಕೆ ಕೂತಾಗೆಲ್ಲ ನೀವೇ ಹೇಳ್ತಿದ್ರಲ್ಲ? ಸಂದಿಯಲ್ಲಿ ತೂರ್ಬಾರ್ದು, ಅರ್ಧ ಆಚೆ ಹೋದಾಗ ಲಿಫ್ಟ್ ಹೊರಟ್ರೆ ಆಸಾಮಿ ಎರಡು ತುಂಡು ಅಂತ. ಯಾರನ್ನಾದ್ರೂ ಕೂಗಿ ಕರೀರಿ."

"ಒಂಚೂರು ತಡೀರಿ ಅತ್ತೆ. ಕರೆಂಟಿನ ತೊಂದ್ರೆ ಇರ್ಬೇಕು."

"ಆಗ್ಲಿ. ನೀವಿದ್ದೀರಲ್ಲ," ಎಂದು ಆ ತಾಯಿ ಗೋಡೆಗೆ ಒರಗಿದರು.

ಬಂಧುಗಳೇ, ತಾಳ್ಮೆಯ ಬಗ್ಗೆ ನಾನೇ ನಿಮ್ಮೆದುರು ಎಷ್ಟೋ ಸಲ ಗಂಟಲು ಹರಿಯುವಂತೆ ಮಾತನಾಡಿದ್ದೇನೆ. ಮೇಸ್ತ್ರಿ ಅಂದು ನಿಂತದ್ದೂ ನೋಡುವವರಿಗೆ ತಾಳ್ಮೆಯಂತೆಯೇ ಕಾಣುತ್ತಿತ್ತು. ಒಳಗೆ ಆತ ಎಣಿಸುತ್ತಿದ್ದುದು ನಾಳೆ ಯಾವ ಯಾವ ಅಂಗಡಿಯಲ್ಲಿ ಯಾರು ಯಾರು ನಗುತ್ತಾರೆ ಎಂದು.

ಅಷ್ಟರಲ್ಲಿ ಅತ್ತೆಯ ಎದೆಯಿಂದ ಸಣ್ಣ ಸಿಳ್ಳಿನಂಥ ಸದ್ದು ಹೊರಟಿತು. ಇನ್ಹೇಲರ್ ಮಗಳ ಚೀಲದಲ್ಲಿತ್ತು. ಮೇಸ್ತ್ರಿ ಇನ್ನೂ ಸ್ವಲ್ಪ ಹೊತ್ತು ಸುಮ್ಮನಿದ್ದ. ಈ ಸ್ವಲ್ಪ ಹೊತ್ತನ್ನು ಆತ ನನಗೆ ಎರಡೆರಡು ಸಲ ಹೇಳಿದ. ಅತ್ತೆ ಕುಸಿದು ಕುಳಿತರು, ತುಟಿ ಬಣ್ಣಗೆಟ್ಟಿತು. ಆಗ ಕೂಗಿದ:

"ಅಯ್ಯಯ್ಯೋ, ಯಾರಾದ್ರೂ ಬನ್ನಿ! ವಾಚ್‌ಮನ್ ಅಣ್ಣಾ!"

ಸಂದಿಯಲ್ಲಿ ಹಳೆಯ ಚಪ್ಪಲಿಗಳೆರಡು ಬಂದು ನಿಂತವು. "ಯಾರು, ಮೇಸ್ತ್ರಿಗಳಾ? ಅಲಾರಂ ಒತ್ತಿ ತೆಪ್ಪಗೆ ನಿಂತ್ಕೋಬೇಕಲ್ವಾ?"

"ಅದರ ತಂತಿ ಬಿಚ್ಚಿ ಮರ್ತೋನು ನಾನೇ ಅಣ್ಣ. ಅತ್ತೆಗೆ ಉಸಿರು ಸಿಗ್ತಿಲ್ಲ. ಇನ್ಹೇಲರ್ ಮೇಲೆ ನನ್ನ ಹೆಂಡ್ತಿ ಹತ್ರ ಇದೆ."

ವಾಚ್‌ಮನ್‌ನ ನಗು ಅಲ್ಲೇ ಆರಿತು. "ಏನ್ ಮಾಡ್ಲಿ, ಬೇಗ ಹೇಳಿ."

"ಮೊದ್ಲು ಮಷಿನ್ ರೂಮಲ್ಲಿ ಮೇನ್ ಸ್ವಿಚ್ ಆರ್ಸಿ. ಅದಾದ್ಮೇಲೇ ಯಾರಾದ್ರೂ ಈ ಸಂದಿಗೆ ಕೈ ಹಾಕ್ಲಿ."

ಆ ವಯಸ್ಸಿನಲ್ಲಿ ಆತ ಮೆಟ್ಟಿಲುಗಳನ್ನು ಓಡಿಯೇ ಹತ್ತಿದ, ದಾರಿಯಲ್ಲೇ ಮೇಸ್ತ್ರಿಯ ಹೆಂಡತಿಗೂ ಕೂಗಿ ಹೇಳಿದ. "ಆರ್ಸಿದೀನಿ!" ಎಂಬ ಕೂಗು ಬಂತು. ಬೆನ್ನಲ್ಲೇ ಸಂದಿಯಿಂದ ಹೆಂಡತಿಯ ಕೈ ಇನ್ಹೇಲರ್ ಹಿಡಿದು ಇಳಿಯಿತು. ಇನ್ನೊಬ್ಬ ಮೆಕ್ಯಾನಿಕ್ ಬಂದು ಅವರನ್ನು ಹೊರಗೆ ತರುವಷ್ಟರಲ್ಲಿ ಅತ್ತೆಯ ಉಸಿರು ಹದಕ್ಕೆ ಬಂದಿತ್ತು. ಭಗವಂತ ದೊಡ್ಡವನು.

ವಾಚ್‌ಮನ್‌ನ ಕುರ್ಚಿಯಲ್ಲಿ ಕುಳಿತು ಅತ್ತೆ, ಮಗಳಿಗೆ ಕೇಳಿಸದಂತೆ ಮೆಲ್ಲಗೆ ಕೇಳಿದರು: "ಅಳಿಯಂದ್ರೇ, ಕೂಗೋಣ ಅಂದ್ರೆ ನನ್ನ ಹತ್ರ ಉಸಿರಿರ್ಲಿಲ್ಲ. ನಿಮ್ಮ ಹತ್ರ ಇತ್ತಲ್ಲ?"

ಬೈದಿದ್ದರೆ ಸಹಿಸಿಕೊಳ್ಳುತ್ತಿದ್ದೆ ಎನ್ನುತ್ತಾನೆ ಮೇಸ್ತ್ರಿ.

ಈಗ ಆತ ಪ್ರತಿ ಕೆಲಸದ ಕೊನೆಗೂ ಅಲಾರಂ ಒತ್ತಿ, ಕೆಳಗಿನಿಂದ ಯಾರಾದರೂ "ಕೇಳಿಸ್ತು" ಎನ್ನುವ ತನಕ ಸಾಮಾನಿನ ಚೀಲ ಕಟ್ಟುವುದಿಲ್ಲ. ಮುಂದಿನ ಬೆಂಚಿಗೆ ಬಾರಯ್ಯ ಎಂದು ನಾನು ಕರೆದರೆ, "ಇನ್ನೂ ಸ್ವಲ್ಪ ದಿನ ಇಲ್ಲೇ ಇರ್ತೀನಿ," ಎನ್ನುತ್ತಾನೆ. ನಾನು ಒತ್ತಾಯಿಸುವುದಿಲ್ಲ, ಕೊನೆಯ ಬೆಂಚಿನ ಕೂಗೂ ದೇವರಿಗೆ ಕೇಳಿಸುತ್ತದೆ.

ಮೊನ್ನೆ ವಾಚ್‌ಮನ್‌ನನ್ನು ಕರೆದುಕೊಂಡು ತಾನು ಅಣಕಿಸಿದ್ದ ಟೀ ಅಂಗಡಿಯೊಂದಕ್ಕೆ ಹೋಗಿ, ಎಲ್ಲರ ಎದುರು ತನ್ನ ಕೂಗನ್ನು ಒಂದಕ್ಷರ ಬಿಡದೆ ಕೂಗಿ ತೋರಿಸಿದನಂತೆ. ಜನ ಮತ್ತೆ ಹೊಟ್ಟೆ ಹಿಡಿದುಕೊಂಡರು. ವಾಚ್‌ಮನ್ ಮಾತ್ರ ನಗದೆ, ಲೋಟವನ್ನು ಆತನತ್ತ ಸರಿಸಿದ.

"ಸಾಕು ಬಿಡಿ ಮೇಸ್ತ್ರಿಗಳೇ. ಟೀ ಆರೋಗುತ್ತೆ."