ಬಿಳಿ ಕೋಳಿಗೆ ಉಪ್ಪು ಹಾಕಿದ್ದು

ನೆಲಮಂಗಲದ ಪ್ರವಾಸಿ ಬಂಗಲೆಯ ಅಡುಗೆಮನೆಯಲ್ಲಿ ಯಾರು ಬೇಕಾದರೂ ಈರುಳ್ಳಿ ಹೆಚ್ಚಬಹುದಿತ್ತು, ಮಸಾಲೆ ಅರೆಯಬಹುದಿತ್ತು, ಒಲೆ ಊದಬಹುದಿತ್ತು. ಉಪ್ಪು ಮಾತ್ರ ಅಪ್ಪನೇ ಹಾಕಬೇಕು. ಇಬ್ಬರ ಕೈಯ ಉಪ್ಪು ಬಿದ್ದ ಅಡುಗೆ ಕೆಡುತ್ತದೆ ಎಂಬುದು ಅವನ ಪಾಲಿಗೆ ವೇದವಾಕ್ಯ. ಬಂಗಲೆಯ ಕಾವಲುಗಾರ, ಅಡುಗೆಯವ, ಬಡಿಸುವವ ಎಲ್ಲ ಅವನೇ. ಹಿಂದುಗಡೆ ನಮಗೆ ಎರಡು ಕೋಣೆಯ ಬಿಡಾರ ಕೊಟ್ಟಿದ್ದರು. ನಮ್ಮ ಮನೆಯ ಸಾರಿಗೂ ಅವ್ವ ಉಪ್ಪು ಹಾಕುವಂತಿರಲಿಲ್ಲ. ಸಾರು ಕುದಿಯುತ್ತಿದ್ದಂತೆ ಅಪ್ಪ ಬಂಗಲೆಯಿಂದ ಬಂದು, ಜಾಡಿಗೆ ಕೈ ಹಾಕಿ, ಒಂದೇ ಸಲ ಹಾಕಿ ಹೋಗುತ್ತಿದ್ದ. ಒಂದು ಕಲ್ಲು ಹೆಚ್ಚಿಲ್ಲ, ಒಂದು ಕಲ್ಲು ಕಮ್ಮಿಯಿಲ್ಲ. ಅದರ ಜಂಬವೂ ಅವನಿಗೆ ಸಾಕಷ್ಟಿತ್ತು.

ಯುದ್ಧ ನಡೆಯುತ್ತಿದ್ದ ಕಾಲ. ಒಂದು ಬೇಸಿಗೆಯಲ್ಲಿ ಅಪ್ಪನಿಗೆ ದೊಡ್ಡ ಜ್ವರ ಬಂತು. ಮೂರು ವಾರ ಗಂಜಿ ಕುಡಿದುಕೊಂಡೇ ಮಲಗಿ ಎದ್ದ. ಕೈಕಾಲಿಗೆ ಶಕ್ತಿ ಬಂತು, ನಾಲಿಗೆ ಮಾತ್ರ ಏಳಲಿಲ್ಲ. ಒಲೆಯ ಮೇಲೆ ಹಾಲು ಸೀದು ಬಿಡಾರವೆಲ್ಲ ನಾರುತ್ತಿದ್ದರೂ ಪಕ್ಕದಲ್ಲೇ ಕುಳಿತು ಬೀಡಿ ಸೇದುತ್ತಿದ್ದ. ವಾಸನೆಯಿಲ್ಲ, ರುಚಿಯಿಲ್ಲ. ನನಗೆ ಗೊತ್ತಿತ್ತು, ಅವ್ವನಿಗೆ ಗೊತ್ತಿತ್ತು, ಅವನಿಗಂತೂ ಗೊತ್ತೇ ಇತ್ತು. ಬಾಯಿ ಬಿಟ್ಟು ಹೇಳುವವರು ಯಾರೂ ಇರಲಿಲ್ಲ. ಉಪ್ಪಿನ ಜಾಡಿಯನ್ನಂತೂ ಅವನು ಬಿಡಲಿಲ್ಲ.

ಎರಡು ಸಲ ಬಂಗಲೆಯಲ್ಲಿ ತಂಗಿದವರು ತಟ್ಟೆ ಹಿಂದಕ್ಕೆ ಕಳಿಸಿದರು. ಎರಡನೆಯ ಸಲ ಬಂಗಲೆಯ ಉಸ್ತುವಾರಿಯ ಓವರ್ಸಿಯರ್ ಬಂದು ಅಪ್ಪನನ್ನು ಜಗಲಿಯ ಮೇಲೆ ನಿಲ್ಲಿಸಿ, ನನಗೆ ಕೇಳಿಸುವಷ್ಟು ಗಟ್ಟಿಯಾಗಿ ಹೇಳಿದ: "ಭಾನುವಾರ ಇಂಜಿನಿಯರ್ ಸಾಹೇಬ್ರು ಶಿವಗಂಗೆ ಹತ್ತಿ ಇಳಿದು ಮಧ್ಯಾಹ್ನಕ್ಕೆ ಇಲ್ಲಿಗೆ ಬರ್ತಾರೆ. ಇಟಲಿ ಕೈದಿಗಳ ಶಿಬಿರದಲ್ಲಿ ಕೆನೆ ಹಾಕಿದ ಬಿಳಿ ಕೋಳಿ ತಿಂದಿದ್ರಂತೆ, ಅದೇ ಬೇಕಂತೆ. ಈ ಸಲ ಕೆಟ್ರೆ ಬೆಂಗಳೂರಿಂದ ಬೇರೆ ಅಡುಗೆಯವನನ್ನ ಕರಕೊಂಡು ಬರ್ತೀನಿ. ಬಿಡಾರ ಖಾಲಿ ಮಾಡಿಕೊಂಡು ಹೋಗಯ್ಯಾ." ನಮಗೆ ಹೋಗಲು ಇನ್ನೊಂದು ಮನೆ ಇರಲಿಲ್ಲ. ಬೂದಿಗೆರೆ ಕಡೆಯ ತುಂಡು ಹೊಲ ಚಿಕ್ಕಪ್ಪಂದಿರ ಪಾಲಾಗಿ ಎಷ್ಟೋ ವರ್ಷವಾಗಿತ್ತು.

ಅಪ್ಪ ಒಳಗೆ ಬಂದು ಗೋಡೆಗೆ ಒರಗಿ ಕುಳಿತ. ಸ್ಟ್ಯೂ, ಕಟ್ಲೆಟ್, ಪುಡಿಂಗು ಎಲ್ಲ ಅವನಿಗೆ ನೀರು ಕುಡಿದಷ್ಟು ಸಲೀಸು. ಆದರೆ ಈ ಬಿಳಿ ಕೋಳಿಯನ್ನು ಅವನು ಕಂಡಿರಲಿಲ್ಲ. ಕಂಡವಳು ನಾನು.

"ನಂಗೆ ಬರ್ತದೆ, ನಾನ್ ಮಾಡ್ತೀನಿ" ಎಂದೆ.

"ನೀನು ಹೇಳು, ನಾನು ಮಾಡ್ತೀನಿ" ಎಂದ.

ನನಗಾಗ ಹದಿನೇಳು. ಹಿಡಿದರೆ ಉಡದ ಹಿಡಿತ ಎಂದು ಅವ್ವ ಬೈಯುತ್ತಿದ್ದಳು. ಅದನ್ನು ಹೊಗಳಿಕೆ ಎಂದೇ ನಾನು ತಿಳಿದಿದ್ದೆ. ಆ ಭಾನುವಾರ ಸೌಟು ನನ್ನ ಕೈಯಲ್ಲೇ ಇರಬೇಕೆಂದು ಅಲ್ಲೇ ನಿಶ್ಚಯಿಸಿದೆ.

ನಾನು ಕಂಡದ್ದು ಹೀಗೆ. ಹಿಂದಿನ ವರ್ಷ ತುಮಕೂರು ರಸ್ತೆಯ ಒಂದು ಮೋರಿ ಕುಸಿದಾಗ, ಅದನ್ನು ಕಟ್ಟಲು ಬೆಂಗಳೂರಿನ ಶಿಬಿರದಿಂದ ಒಂದು ಲಾರಿ ಇಟಲಿ ಕೈದಿಗಳು ಬರುತ್ತಿದ್ದರು, ಜೊತೆಗೊಬ್ಬ ಬಂದೂಕಿನ ಸಿಪಾಯಿ. ಮಧ್ಯಾಹ್ನದ ಅಡುಗೆ ನಮ್ಮ ಬಂಗಲೆಯ ಬಾವಿಯ ನೆರಳಲ್ಲಿ. ಅಡುಗೆಯವನು ನರೆತ ಗಡ್ಡದ ಮನುಷ್ಯ, ಅಪ್ಪನ ವಯಸ್ಸು. ಅವನ ಬಳಿ ಇದ್ದದ್ದು ಒಂದೇ ಒಂದು ಕಬ್ಬಿಣದ ಪಾನು, ಉದ್ದ ಹಿಡಿಯ ಚಪ್ಪಟೆ ಬಾಣಲೆ. ನಮ್ಮಲ್ಲಾದರೋ ಹಾಲಿಗೊಂದು ಪಾತ್ರೆ, ಸಾರಿಗೊಂದು, ಕೋಳಿ ಕುರಿಯ ಬಾಡಿಗೊಂದು. ಬಾಡಿನ ಮಡಕೆ ಮನೆಯೊಳಕ್ಕೂ ಬರುವಂತಿಲ್ಲ. ಅವನು ಒಂದರಲ್ಲೇ ಎಲ್ಲ ಮಾಡುವುದನ್ನು ನಾನು ಕೊಡ ಹಿಡಿದುಕೊಂಡು ನಿಂತು ನೋಡುತ್ತಿದ್ದೆ.

ಕೊನೆಯ ದಿನ ಎಲ್ಲಿಂದಲೋ ಅವರಿಗೆ ಕೋಳಿ ಸಿಕ್ಕಿತ್ತು. ತುಂಡುಗಳನ್ನು ಕೊಬ್ಬಿನಲ್ಲಿ ಹಾಕಿ ಅಲುಗಿಸದೆ ಬಿಟ್ಟ. ತಳ ಹಿಡಿಯಿತು. ಸೀಯುತ್ತಿದೆ ಎಂದು ನಾನು ಕೈ ಮಾಡಿ ತೋರಿಸಿದೆ, ಅವನು ಮಾತ್ರ ಶಿಳ್ಳೆ ಹಾಕುತ್ತಿದ್ದ. ತುಂಡು ತೆಗೆದು, ಅದೇ ಪಾನಿನಲ್ಲಿ ಈರುಳ್ಳಿ, ಬೆಳ್ಳುಳ್ಳಿ ಬಾಡಿಸಿ, ಒಂದು ಲೋಟ ನೀರು ಹಾಕಿ ತಳದ ಕಂದು ಕರೆಯನ್ನೆಲ್ಲ ಕೆರೆದು ಎಬ್ಬಿಸಿದ. ಆಮೇಲೆ ಡಬ್ಬಿಯ ಗಟ್ಟಿ ಹಾಲು. ತುಂಡುಗಳು ಮತ್ತೆ ಒಳಗೆ. ಮುಚ್ಚಳ. ಕೊನೆಗೆ ಏನನ್ನೋ ಹುಡುಕುವವನಂತೆ ಅತ್ತಿತ್ತ ನೋಡಿ, ನನ್ನ ಜಡೆಯತ್ತ ಬೆರಳು ತೋರಿಸಿದ. ಕನಕಾಂಬರದ ಜೊತೆ ಕಟ್ಟಿದ ಕಾಮಕಸ್ತೂರಿ ಮುಡಿದಿದ್ದೆ. ಸಿಪಾಯಿ ನಕ್ಕ. ನಾನು ಎಲೆ ಬಿಡಿಸಿ ಕೊಟ್ಟೆ. ಅವನು ಅದನ್ನು ಮೂಗಿಗೆ ಹಿಡಿದು ಕಣ್ಣು ಮುಚ್ಚಿದ. ತೆರೆದಾಗ ಕಣ್ಣು ಒದ್ದೆಯಾಗಿತ್ತು. ಅವನ ಊರಲ್ಲೂ ಆ ಗಿಡ ಇದ್ದಿರಬೇಕು. ಎಲೆ ಹರಿದು ಹಾಕಿ, ನನಗೂ ಒಂದು ರೊಟ್ಟಿಯ ಚೂರನ್ನು ಅದರಲ್ಲಿ ಅದ್ದಿ ಕೊಟ್ಟ.

ಬಾಡಿನ ಜೊತೆ ಹಾಲು ಬೆರೆಸಿದರೆ ಮನೆಯ ಹಸುವಿನ ಕೆಚ್ಚಲು ಬಾಯುತ್ತದೆ ಎಂದು ನಮ್ಮ ಕಡೆ ನಂಬಿಕೆ. ನಾನು ಬಾವಿಯ ಹಿಂದೆ ನಿಂತು ತಿಂದೆ. ಆಮೇಲೆ ಮೂರು ದಿನ ಬೆಳಿಗ್ಗೆ ಸಂಜೆ ನಮ್ಮ ಹಸುವಿನ ಕೆಚ್ಚಲು ಮುಟ್ಟಿ ಮುಟ್ಟಿ ನೋಡಿದೆ. ಅದಕ್ಕೆ ಏನೂ ಆಗಲಿಲ್ಲ. ನನಗೆ ಮಾತ್ರ ಆ ರುಚಿ ನಾಲಿಗೆಯಿಂದ ಇಳಿಯಲೇ ಇಲ್ಲ.

ಈ ಸಂಗತಿಯನ್ನು ಅವ್ವನಿಗೆ ಹೇಳುವಂತಿರಲಿಲ್ಲ. ಕೆನೆ ಕೇಳಿದ ತಕ್ಷಣ ಅವಳು ಹಾಲಿನ ಗಡಿಗೆಯನ್ನು ಸೆರಗಿನಡಿ ಮುಚ್ಚಿಕೊಂಡಳು. "ಬಾಡಿಗೆ ಹಾಲು ಹುಯ್ತಾರೇನೇ? ನಮ್ಮ ಹಸೀನ್ದು ಒಂದು ತೊಟ್ಟೂ ಕೊಡಲ್ಲ. ಬೇರೆ ಯಾರದಾದ್ರೂ ತಂದ್ಕೋ, ಪಾಪ ಅವರಿಗೆ ಬರ್ಲಿ" ಎಂದಳು. ಧರ್ಮ ಎಷ್ಟು ಬೇಗ ದಾರಿ ಬಿಟ್ಟಿತು ನೋಡಿ! ನಾನು ನೇರವಾಗಿ ಪೇಟೆ ಬೀದಿಯಲ್ಲಿ ಎಮ್ಮೆ ಕಟ್ಟಿದ್ದ ಮುಸಲ್ಮಾನರ ಮನೆಯ ಹಿರಿಯಾಕೆಯ ಬಳಿಗೆ ಹೋದೆ. ವಿಷಯ ಕೇಳಿ ಆಕೆ ಹೊಟ್ಟೆ ಹಿಡಿದುಕೊಂಡು ನಕ್ಕರು. "ಅರೆ ಬೇಟಿ, ಕೋಳಿಗೆ ಮೊಸರು ಹಾಕ್ದೆ ನಮ್ಮನೇಲಿ ಮದುವೇನೇ ಆಗಲ್ಲ. ನಮ್ಮೆಮ್ಮೆ ಕೆಚ್ಚಲು ನೋಡೋಗು, ಹೆಂಗಿದೆ!" ಭಾನುವಾರಕ್ಕೆ ಎರಡು ದಿನದ ಕೆನೆ ಕೂಡಿಟ್ಟು, ಒಂದು ಉಂಡೆ ಬೆಣ್ಣೆಯ ಜೊತೆ ಕೊಟ್ಟರು.

ಭಾನುವಾರ ಕೆನೆ ಹಿಡಿದು ಬರುವಷ್ಟರಲ್ಲಿ ಒಂದು ಅನಾಹುತ ಆಗಿಹೋಗಿತ್ತು. ಇನ್ನೂ ಮೊಟ್ಟೆಯಿಡದ ಎಳೆಯ ಯಾಟೆಯೊಂದನ್ನು ಕುಯ್ದಿಡು ಎಂದು ಅಪ್ಪನಿಗೆ ಹೇಳಿ ಹೋಗಿದ್ದೆ. ಅವನು ಪುಕ್ಕ ತರಿದು, ಹುಲ್ಲಿನ ಉರಿಯಲ್ಲಿ ಸುಟ್ಟು, ಮೈತುಂಬ ಅರಿಶಿನ ಬಳಿದಿಟ್ಟಿದ್ದ. ಅರಿಶಿನ ಹಚ್ಚದ ಕೋಳಿ ನಮ್ಮವರ ಕಣ್ಣಿಗೆ ಬರೀ ಹೆಣ. ಬಿಳಿ ಕೋಳಿ ಕೇಳಿದವರಿಗೆ ಮದುವಣಗಿತ್ತಿಯ ಹಾಗೆ ಸಿಂಗಾರವಾದ ಕೋಳಿ! ಸಿಟ್ಟಿಗೆ ಅಳು ಬಂತು. ಅತ್ತು ಕೂರುವ ಹೊತ್ತಲ್ಲ ಅದು. ಚಾಕು ತೆಗೆದುಕೊಂಡು ಚರ್ಮವನ್ನೇ ಸುಲಿದೆ.

"ಲೇ, ಚರ್ಮ ಹೋದ್ಮೇಲೆ ಕೋಳೀಲಿ ಏನುಳೀತು?" ಎಂದು ಅಪ್ಪ ಕೂಗಿದ.

"ಕೋಳಿ ಉಳೀತು. ನೀನು ಮೇಜು ಹಾಕೋಗು."

"ಹೇಳಿಕೊಡ್ತೀನಿ ಅಂದಿದ್ದೆ."

"ಹೇಳೋಕೆ ಬರಲ್ಲ ಕಣಪ್ಪ, ಕೈಗೇ ಗೊತ್ತು."

ಅವನು ಮೇಜಿನ ಬಟ್ಟೆಯನ್ನು ಹೆಗಲಿಗೆ ಹಾಕಿಕೊಂಡ. "ಉಪ್ಪಿನ ಹೊತ್ತಿಗೆ ಕರಿ" ಎಂದು ಹೇಳಿ ಹೋದ. ಕರೆಯಬಾರದೆಂದು ನಾನು ಆಗಲೇ ತೀರ್ಮಾನಿಸಿದ್ದೆ.

ಬೆಣ್ಣೆ ಕಾಯಿತು, ತುಂಡುಗಳು ಬಿದ್ದವು. ಸೌಟು ಹಿಡಿದ ಕೈ ಸುಮ್ಮನಿರಲಿಲ್ಲ. ಸೆರಗಿನಲ್ಲಿ ಸುತ್ತಿ ಹಿಡಿದುಕೊಂಡೆ. ತಳ ಹಿಡಿಯಲು ಬಿಡಬೇಕು, ಬಿಡಬೇಕು ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಕೊನೆಗೆ ತುಂಡುಗಳನ್ನು ತೆಗೆದಿಡುವಷ್ಟರಲ್ಲಿ ತಟ್ಟೆ ಒಯ್ಯಲು ಬಂದ ಅಪ್ಪನ ಕಣ್ಣಿಗೆ ಆ ಕಂದು ಕರೆ ಬಿತ್ತು. ಮೂಗಿಗೆ ವಾಸನೆ ಹತ್ತಿದ್ದರೆ ಅದು ಸೀದದ್ದಲ್ಲ, ಹದವಾಗಿ ಹುರಿದದ್ದು ಎಂದು ಅವನಿಗೆ ತಿಳಿಯುತ್ತಿತ್ತು. "ತಳ ಹತ್ತಿಸಿಬಿಟ್ಯಲ್ಲೇ!" ಎಂದು ಬೂದಿ ಹಾಕಿ ತಿಕ್ಕಲು ಪಾನಿನ ಹಿಡಿಗೇ ಕೈ ಹಾಕಿದ. ನಾನು ಅಡ್ಡ ನಿಂತೆ. ಈರುಳ್ಳಿ, ಬೆಳ್ಳುಳ್ಳಿ ಬಾಡಿಸಿ, ನೀರು ಹಾಕಿ ಕೆರೆದೆ. ಕರೆಯೆಲ್ಲ ಎದ್ದು ಬಂದು ಪಾನಿನ ತಳ ಹೊಳೆಯಿತು. ಅಪ್ಪ ಬಗ್ಗಿ ನೋಡಿದ. ಕೆನೆ ಹಾಕಿದೆ, ತುಂಡುಗಳನ್ನು ಮತ್ತೆ ಒಳಗಿಟ್ಟೆ, ಮೆಣಸು ಕುಟ್ಟಿ ಹಾಕಿದೆ, ಮುಚ್ಚಿದೆ. ಅವನು ರುಮಾಲು ಕಟ್ಟಿಕೊಳ್ಳಲು ಹೋದಾಗ ಜಾಡಿಗೆ ಕೈ ಹಾಕಿ ಉಪ್ಪನ್ನೂ ಹಾಕಿದೆ. ಬಾಯಿಗಿಟ್ಟು ನೋಡಿದೆ. ಬಾವಿಯ ಹಿಂದೆ ತಿಂದ ರುಚಿಯೇ, ಸಂದೇಹವಿಲ್ಲ. ಜಡೆಯಿಂದ ಕಾಮಕಸ್ತೂರಿ ಕಿತ್ತು ಹರಿದು ಹಾಕಿದೆ.

ರುಮಾಲು ಕಟ್ಟಿದ ಅಪ್ಪ ಬಂದವನೇ ಮುಷ್ಟಿ ತುಂಬ ಉಪ್ಪು ತೆಗೆದ. ನಾನು ಅವನ ಮಣಿಕಟ್ಟು ಹಿಡಿದೆ.

"ಹಾಕಾಯ್ತು."

"ಯಾರು ಹಾಕಿದ್ದು?"

"ನಾನು."

ಅವನು ನನ್ನ ಕೈ ಕೊಡವಿ, ಇನ್ನೊಂದು ಅಂಗೈಗೆ ನನ್ನ ಸೌಟಿನಿಂದ ನಾಲ್ಕು ತೊಟ್ಟು ಹಾಕಿಸಿಕೊಂಡು ನೆಕ್ಕಿದ. ತುಟಿ ಆಡಿಸಿದ. ಮುಖದಲ್ಲಿ ಏನೂ ಕಾಣಲಿಲ್ಲ. "ಸಪ್ಪೆ" ಎಂದ.

"ಸಪ್ಪೆ ಅಲ್ಲ ಕಣಪ್ಪ. ನಿಂಗೆ ಗೊತ್ತಾಗ್ತಿಲ್ಲ."

ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುವಂತಿರಲಿಲ್ಲ. ಬಾಗಿಲಲ್ಲಿ ನಿಂತಿದ್ದ ಅವ್ವ ತಲೆ ತಗ್ಗಿಸಿದಳು. ಹೊರಗೆ ಕಾರು ಬಂದು ನಿಂತ ಸದ್ದಾಯಿತು. ಅಪ್ಪನ ಮುಷ್ಟಿ ಪಾನಿನ ಮೇಲೇ ಇತ್ತು. ಅವನು ಅದನ್ನು ತೆರೆದರೆ ನಮ್ಮ ಬಿಡಾರ ಹೋದಂತೆಯೇ. ನಾನು ಮತ್ತೆ ಅವನ ಕೈ ಹಿಡಿಯಲಿಲ್ಲ. ಏಕೆಂದು ಇವತ್ತಿಗೂ ಗೊತ್ತಿಲ್ಲ. ಬಹುಶಃ ಅಷ್ಟೊಂದು ಅವಮಾನ ಅವನಿಗೆ ಮಾಡಲು ಮನಸ್ಸು ಬರಲಿಲ್ಲ. ಅವನು ನಿಧಾನವಾಗಿ ಕೈಯನ್ನು ಜಾಡಿಯ ಬಾಯಿಗೆ ಒಯ್ದು ಉಪ್ಪನ್ನು ಸುರಿದ. ಅಂಗೈ ಒರೆಸಿಕೊಂಡು, ಪಾನು ಎತ್ತಿಕೊಂಡು ಹೋದ.

ನಾನು ಬಾಗಿಲ ಸಂದಿಯಲ್ಲಿ ನಿಂತೆ. ಇಂಜಿನಿಯರ್ ಸಾಹೇಬರು ತಾವೇ ತಂದ ಬ್ರೆಡ್ಡನ್ನು ಮುರಿದು ಅದ್ದಿ ತಿಂದರು. "ಶಿಬಿರದ್ದು ಬೆಳ್ಳಗಿತ್ತು. ಇದೇನಯ್ಯ, ಸ್ವಲ್ಪ ಹಳದಿ?" ಎಂದರು. ಸುಲಿದರೂ ಅರಿಶಿನ ಒಳಗಿಳಿದಿತ್ತಲ್ಲ. ಇನ್ನೊಮ್ಮೆ ಬಡಿಸಿಕೊಂಡರು. ಮತ್ತೂ ಒಮ್ಮೆ. ತಟ್ಟೆ ಖಾಲಿಯಾದ ಮೇಲೆ "ಅದಕ್ಕಿಂತ ಇದೇ ಮೇಲು. ಯಾರು ಮಾಡಿದ್ದು?" ಎಂದು ಕೇಳಿದರು.

"ನಾನೇ ಸ್ವಾಮಿ" ಎಂದ ಅಪ್ಪ.

ನನ್ನ ಕಿವಿಯವರೆಗೂ ಬಿಸಿ ಏರಿತು. ಬಿಡಾರ ಉಳಿಯಬೇಕಾದರೆ ಅವನು ಬೇರೇನೂ ಹೇಳುವಂತಿರಲಿಲ್ಲ ಎಂದು ನನಗೂ ಗೊತ್ತಿತ್ತು. ಆದರೂ ಸಿಟ್ಟು ಸಿಟ್ಟೇ. ಆ ಸಿಟ್ಟು ಈಗಲೂ ಚೂರು ಉಳಿದಿದೆ, ಸುಳ್ಳೇಕೆ ಹೇಳಲಿ.

ಸಾಹೇಬರು ಬಂಗಲೆಯ ಪುಸ್ತಕದಲ್ಲಿ ಒಳ್ಳೆಯ ಮಾತು ಬರೆದು ಹೋದರು. ಓವರ್ಸಿಯರ್ ಅಪ್ಪನ ಬೆನ್ನು ತಟ್ಟಿದ. ಅಪ್ಪ ಖಾಲಿ ಪಾನು ಹಿಡಿದು ಅಡುಗೆಮನೆಗೆ ಬಂದ. ನಾನು ಮುಖ ತಿರುಗಿಸಿಕೊಂಡು ಒಲೆಯ ಬೂದಿ ಕೆದಕುತ್ತಿದ್ದೆ. ಅವನು ರುಮಾಲು ಬಿಚ್ಚಿ ಮೊಣಕಾಲ ಮೇಲಿಟ್ಟುಕೊಂಡು ಕುಳಿತ. ಆಮೇಲೆ ಉಪ್ಪಿನ ಜಾಡಿಯನ್ನು ನೆಲದ ಮೇಲೆ ನನ್ನ ಕಡೆಗೆ ತಳ್ಳಿದ.

"ಜ್ವರ ಬಂದಾಗಿಂದ ಏನೂ ಗೊತ್ತಾಗ್ತಿಲ್ಲ ಕಣಮ್ಮ. ಇನ್ಮೇಲೆ ಉಪ್ಪು ನೀನೇ ಹಾಕು."

ಆ ಸಂಜೆ ಮನೆಯ ಸಾರಿಗೆ ನಾನೇ ಉಪ್ಪು ಹಾಕಿದೆ. ಮಧ್ಯಾಹ್ನ ಅಷ್ಟು ಗಟ್ಟಿಯಾಗಿದ್ದ ಕೈಗೆ ಸಂಜೆ ಲೆಕ್ಕ ತಪ್ಪಿತು, ಉಪ್ಪು ಹೆಚ್ಚೇ ಬಿತ್ತು. ಮೊದಲ ತುತ್ತಿಗೇ ಅವ್ವ ಮುಖ ಕಿವಿಚಿದಳು. ಅಪ್ಪ ಅವಳ ಮುಖವನ್ನು ನೋಡಿದ, ನನ್ನ ಮುಖವನ್ನು ನೋಡಿದ. ಮುದ್ದೆ ಮುರಿದು ಅದ್ದಿ ನುಂಗಿ, ಇನ್ನೊಂದು ಸೌಟು ಸಾರು ಹಾಕಿಸಿಕೊಂಡು, "ಸರಿಯಾಗೈತೆ" ಎಂದ.