ಬರಿಗೈಲಿ ಹೋದ ಟೀಚರ್

ಒಂದನೇ ತರಗತಿಯ ಟೀಚರ್ ಶಾಲೆಗೆ ಬರುತ್ತಿದ್ದ ರೀತಿ ನೋಡಿ ಉಳಿದವರು ನಗುತ್ತಿದ್ದರು. ಹೆಗಲಿಗೆ ಚೀಲ, ಕಂಕುಳಲ್ಲಿ ಸುರುಳಿ ಸುತ್ತಿದ ಚಾರ್ಟುಗಳು, ಕೈಯಲ್ಲಿ ರಟ್ಟಿನ ಡಬ್ಬ. "ಸಂಸಾರ ಸಮೇತ ಬಂದ್ರಾ?" ಎಂದು ಹೆಡ್‌ಮೇಷ್ಟ್ರು ಕಿಚಾಯಿಸುತ್ತಿದ್ದರು. ಒಂದರ್ಥದಲ್ಲಿ ನಿಜವೇ. ಚಾರ್ಟುಗಳೆಲ್ಲ ಆಕೆಯ ಗಂಡನ ಕೈಕೆಲಸ. ಆತ ಅಂಗಡಿಗಳಿಗೆ ಬೋರ್ಡು ಬರೆಯುವ ಪೇಂಟರ್. ಸಂಜೆ ಹೊತ್ತು ಹೆಂಡತಿಯ ಪಾಠಕ್ಕೆಂದು ಬಾತುಕೋಳಿ, ಬಲೂನು, ಮೀನುಗಳನ್ನು ಬರೆದು ಪಕ್ಕದಲ್ಲಿ ಅಂಕಿ ಹಾಕಿಕೊಡುತ್ತಿದ್ದ. ಅವು ಎಷ್ಟು ಅಚ್ಚುಕಟ್ಟಾಗಿದ್ದವೆಂದರೆ ಮಕ್ಕಳು ಮುಟ್ಟಲೂ ಹೆದರುತ್ತಿದ್ದರು.

ಒಂದು ಬೆಳಿಗ್ಗೆ ಕೆಲಸದಲ್ಲಿದ್ದಾಗಲೇ ಆತನಿಗೆ ಲಕ್ವ ಹೊಡೆಯಿತು. ಆಸ್ಪತ್ರೆಯಿಂದ ಮನೆಗೆ ಬರುವಷ್ಟರಲ್ಲಿ ಮಾತು ಮರಳಿತು, ಕಾಲೂ ಸುಧಾರಿಸಿತು. ಬಲಗೈ ಬೆರಳುಗಳು ಮಾತ್ರ ಕುಂಚ ಹಿಡಿಯಲಿಲ್ಲ.

ರಜೆ ಮುಗಿಸಿ ಟೀಚರ್ ಮತ್ತೆ ಶಾಲೆಗೆ ಹೊರಟಳು. ಗಂಡನಿಗೆ ಸ್ನಾನ ಮಾಡಿಸಿ, ಮಾತ್ರೆ ಕೊಟ್ಟು, ಊಟ ಮುಚ್ಚಿಡುವಷ್ಟರಲ್ಲೇ ಸಾಕುಸಾಕಾಗಿತ್ತು. ಹಳೆಯ ಚಾರ್ಟುಗಳನ್ನು ಬಿಚ್ಚಿದರೆ ಕಣ್ಣು ತುಂಬಿ ಬರುತ್ತದೆಂದು ಅವನ್ನು ಬೀರುವಿನ ಮೇಲೆಯೇ ಬಿಟ್ಟಳು.

"ಇವತ್ತು ಚಿತ್ರ ಇಲ್ವಾ ಮಿಸ್?" ಎಂದು ಮಕ್ಕಳು ಕೇಳಿದರು.

"ಇಲ್ಲ ಕಣ್ರೋ."

ಮುಂದೇನೆಂದು ತೋಚಲಿಲ್ಲ. ಮೇಜಿನ ಮೇಲೆ ಒಂದೇ ಕಡೆ ಅಚ್ಚಾದ ರದ್ದಿ ಹಾಳೆಗಳಿದ್ದವು. ತಲೆಗೊಂದು ಹಂಚಿ, "ಮಡಿಸಿ. ಎರಡೂ ಕಡೆ ಸಮ ಬರ್ಬೇಕು" ಎಂದಳು.

ಹೊತ್ತು ಕಳೆಯಲೆಂದು ಆಡಿದ ಮಾತು ಅದು. ಆದರೆ ಗಲಾಟೆಯ ತರಗತಿ ತಣ್ಣಗಾಯಿತು. ಕೆಲವರು ಉದ್ದಕ್ಕೆ ಮಡಿಸಿದರು, ಕೆಲವರು ಅಡ್ಡಕ್ಕೆ. ಮುಂದಿನ ಹಲ್ಲು ಬಿದ್ದಿದ್ದ ಹುಡುಗಿಯೊಬ್ಬಳು ಮೂಲೆಯಿಂದ ಮೂಲೆಗೆ ಗೆರೆ ಬರುವಂತೆ ಮಡಿಸಿದಳು. ಅಂಚು ಕೂಡಲಿಲ್ಲ.

"ಈ ಹಾಳೆಗೆ ಕೊಬ್ಬು ಮಿಸ್!"

"ಹಾಗಾದ್ರೆ ಅದು ಸರಿಯಾಗಿ ಅರ್ಧ ಆಗ್ಲಿಲ್ವಾ?" ಎಂದು ಟೀಚರ್ ಕೇಳಿದಳು.

ಹುಡುಗಿ ಯೋಚಿಸಿದಳು. ಮಡಿಕೆಯುದ್ದಕ್ಕೂ ಪರ್ರನೆ ಹರಿದಳು. ಒಂದು ತುಂಡನ್ನು ಆಚೆ ಈಚೆ ತಿರುಗಿಸಿ ಇನ್ನೊಂದರ ಮೇಲಿಟ್ಟಳು. ಸರಿಯಾಗಿ ಕೂತಿತು.

"ಅರ್ಧಾನೇ! ತಿರುಗಿಸಿದ್ರೆ ಅರ್ಧಾನೇ!"

ಸಂಜೆ ಟೀಚರ್ ಇದನ್ನು ಹೇಳಿದಾಗ, ವಾರಗಳಿಂದ ಗೋಡೆ ನೋಡಿಕೊಂಡು ಮಲಗುತ್ತಿದ್ದ ಗಂಡ ಈ ಕಡೆ ಹೊರಳಿದ.

"ಹರಿದೇ ಬಿಟ್ಲಾ? ನನ್ನ ಚಾರ್ಟನ್ನ ಯಾರೂ ಹರೀಲಿಲ್ವಲ್ಲೇ."

"ಹರಿಯೋದಿರ್ಲಿ, ಮುಟ್ತಾನೂ ಇರ್ಲಿಲ್ಲ ರೀ."

ಬಾಯಿ ತಪ್ಪಿ ಬಂದ ಮಾತಿಗೆ ನಾಲಿಗೆ ಕಚ್ಚಿಕೊಂಡಳು. ಆತನಿಗೆ ಬೇಸರವಾದಂತೆ ಕಾಣಲಿಲ್ಲ. "ಮಕ್ಕಳು ಮಾಡ್ಬೇಕಾದ್ದನ್ನೆಲ್ಲ ನಾವೇ ಮಾಡಿ ಮುಗಿಸ್ಬಿಡ್ತಿದ್ವೇನೋ" ಎಂದ. ಆಮೇಲೆ, "ಚಾರ್ಟಿಗೆ ಬಳಸ್ತಿದ್ದ ಆ ನೀರುಬಣ್ಣ ಇನ್ನೂ ಇದ್ಯಾ?" ಎಂದು ಕೇಳಿದ.

ಶನಿವಾರ ಆತನೂ ಬಸ್ಸು ಹತ್ತಿದ. ತರಗತಿಯ ಪುಟ್ಟ ಬೆಂಚಿನಲ್ಲಿ ಮೊಣಕಾಲು ಮಡಚಿ ಕೂತು, ಎಡಗೈಯಲ್ಲಿ ಚಮಚ ಹಿಡಿದು ಮಕ್ಕಳ ಹಾಳೆಯ ಒಂದು ಮಗ್ಗುಲಿಗೆ ಬಣ್ಣದ ಬೊಟ್ಟು ಹಾಕಿದ. ರೂಢಿಯಿಲ್ಲದ ಕೈ, ಬೊಟ್ಟು ಎಲ್ಲೆಲ್ಲೋ ಬಿದ್ದವು. ಮಕ್ಕಳು ಹಾಳೆ ಮಡಿಸಿ, ಒತ್ತಿ, ಬಿಚ್ಚಿದರು. ಒಂದು ಕಡೆಯ ಮೂರು ಬೊಟ್ಟು ಆರಾಗಿದ್ದವು. ಒಬ್ಬನಿಗೆ ಜೇಡ ಕಂಡಿತು, ಇನ್ನೊಬ್ಬಳಿಗೆ ಸಿಡುಕು ಮೋರೆಯ ಅಜ್ಜ ಕಂಡ. ಕಾಲು, ಮೀಸೆಗಳನ್ನು ಅವರೇ ಬರೆದುಕೊಂಡರು.

"ಅಂಕಲ್, ನಿಮ್ಮ ಆ ಕೈಗೇನಾಯ್ತು?" ಎಂದು ಹಲ್ಲಿಲ್ಲದವಳು ಕೇಳಿದಳು.

ಟೀಚರ್ ಅವಳನ್ನು ತಡೆಯುವಷ್ಟರಲ್ಲಿ ಆತನೇ ಉತ್ತರ ಕೊಟ್ಟ.

"ಅದು ರಜಾ ಹಾಕ್ಬಿಟ್ಟಿದೆ ಕಣಮ್ಮ. ಹೇಳದೆ ಕೇಳದೆ."

ಹುಡುಗಿ ನಕ್ಕಳು. ಆತನೂ ನಕ್ಕ.

ಆ ಕೈ ಮತ್ತೆ ಕೆಲಸಕ್ಕೆ ಬರಲಿಲ್ಲ. ಬೋರ್ಡಿನ ಕಸುಬನ್ನು ಬಿಡಬೇಕಾಯಿತು. ಕೆಲವು ಶನಿವಾರ ಆತ ಮುಸುಕೆಳೆದು ಮಲಗಿಬಿಡುತ್ತಿದ್ದ. ಆಗ ಟೀಚರ್ ಒಬ್ಬಳೇ ಹೋಗಿ, ಉದುರಿದ ಎಲೆಗಳನ್ನೋ ಬಾಟಲಿ ಮುಚ್ಚಳಗಳನ್ನೋ ಮಕ್ಕಳ ಮುಂದೆ ಸುರಿದು, "ಇದರಲ್ಲಿ ಏನೇನು ಮಾಡ್ಬಹುದು, ನೀವೇ ಹೇಳಿ" ಎನ್ನುತ್ತಿದ್ದಳು. ಗಂಡ ಜೊತೆಗೆ ಬಂದ ದಿನ ಮಾತ್ರ ವಾಪಸಿನ ಬಸ್ಸಿನಲ್ಲಿ ಆತನ ಮಾತು ಮುಗಿಯುತ್ತಲೇ ಇರಲಿಲ್ಲ. ಕೇಳುತ್ತ ಕೇಳುತ್ತ ಆಕೆ ಆತನ ಭುಜಕ್ಕೊರಗಿ ನಿದ್ದೆಹೋಗುತ್ತಿದ್ದಳು. ಇಳಿಯುವ ಸ್ಟಾಪ್ ಬಂದಾಗ ಆತನೇ ಎಬ್ಬಿಸುತ್ತಿದ್ದ.